ನಿಖರ ದಾಳಿ ಮತ್ತು ನಮ್ಮ 30×40 ಸೈಟು

ಟಿವಿಯಲ್ಲಿ 'ನಿಖರ ದಾಳಿ' ಅಂದ ಕೂಡಲೇ ನಮಗೆಲ್ಲ ಒಂಥರಾ ಸಮಾಧಾನ. ಸಾಯಬೇಕಾದವರಷ್ಟೇ ಸತ್ತರು, ಪಕ್ಕದ ಮನೆಯವರಿಗೆ ಏನೂ ಆಗಲಿಲ್ಲ ಅಂತ ನಾವೇ ಅರ್ಥ ಮಾಡಿಕೊಂಡುಬಿಡುತ್ತೇವೆ. ಆ ಪದದ ಹಿಂದಿರುವ ಲೆಕ್ಕವನ್ನು ಬೆಂಗಳೂರಿನ ಅಳತೆಯಲ್ಲೇ ಇಟ್ಟು ನೋಡೋಣ.

ಸಾದಾ ಬಾಂಬಿನ ಬಾಲಕ್ಕೆ ಜಿಪಿಎಸ್ ಕಿಟ್ ಜೋಡಿಸಿದರೆ ಅದರ ನಿಖರತೆ ಸುಮಾರು 5 ಮೀಟರ್ ಎನ್ನುತ್ತಾರೆ. ಬಿದ್ದ ಬಾಂಬೆಲ್ಲ 5 ಮೀಟರ್ ಒಳಗೇ ಬೀಳುತ್ತದೆ ಅಂತ ಇದರ ಅರ್ಥವಲ್ಲ. ಗುರಿಯ ಸುತ್ತ 5 ಮೀಟರ್ ದೂರಕ್ಕೆ ಒಂದು ವೃತ್ತ ಎಳೆಯಿರಿ. ನೂರು ಬಾಂಬ್ ಹಾಕಿದರೆ ಐವತ್ತು ಆ ವೃತ್ತದೊಳಗೆ ಬೀಳುತ್ತವೆ, ಉಳಿದ ಐವತ್ತು ಹೊರಗೆ. ವೃತ್ತದ ಅಡ್ಡಗಲ 10 ಮೀಟರ್, ಅಂದರೆ 33 ಅಡಿ. ನಮ್ಮ 30×40 ಸೈಟಿನ ಅಗಲ 30 ಅಡಿ. ಬೆಂಗಳೂರಿನ ರಾಜಾಜಿನಗರದಲ್ಲೋ ಶ್ರೀನಗರದಲ್ಲೋ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳ ಸಾಲಿನಲ್ಲಿ ನಡುವಿನ ಒಂದು ಮನೆಗೆ ಗುರಿಯಿಟ್ಟರೆ, ಯಂತ್ರ ಸರಿಯಾಗಿಯೇ ಕೆಲಸ ಮಾಡಿದ ದಿನವೂ ಬಾಂಬು ಪಕ್ಕದವರ ಅಡುಗೆಮನೆಗೆ ಬೀಳಬಹುದು. ಜಿಪಿಎಸ್ ಸಿಗ್ನಲ್ ಜಾಮ್ ಆದರೆ 5 ಇದ್ದದ್ದು 30 ಮೀಟರ್ ಆಗುತ್ತದೆ.

ಇಷ್ಟು ಬರೀ ಬೀಳುವ ಜಾಗದ ಮಾತು, ಸಿಡಿಯುವ ಮಾತು ಬೇರೆ. 'ಚಿಕ್ಕದು' ಎನಿಸಿಕೊಂಡ 500 ಪೌಂಡಿನ ಬಾಂಬಿನ ತೂಕ 227 ಕಿಲೋ, ಒಳಗಿನ ಸ್ಫೋಟಕವೇ ಸುಮಾರು 89 ಕಿಲೋ. 2000 ಪೌಂಡಿನದಾದರೆ ಸ್ಫೋಟಕ 400 ಕಿಲೋ ದಾಟುತ್ತದೆ, ಅದರ ಉಕ್ಕಿನ ಕವಚದ ಚೂರುಗಳು ನೂರಾರು ಮೀಟರ್ ಹಾರುತ್ತವೆ. ಫ್ಯೂಸ್, ಅಂದರೆ ಬಾಂಬು ಯಾವಾಗ ಸಿಡಿಯಬೇಕೆಂದು ನಿರ್ಧರಿಸುವ ಭಾಗ, ಹೇಗೆ ಹೊಂದಿಸಿದ್ದಾರೆ ಎನ್ನುವುದೂ ಮುಖ್ಯ. ನೆಲ ಮುಟ್ಟುವ ಮೊದಲೇ ಸಿಡಿಯುವಂತೆ ಇಟ್ಟರೆ ಚೂರುಗಳು ಬೀದಿಯುದ್ದಕ್ಕೂ ಚೆಲ್ಲುತ್ತವೆ. ಕ್ಷಣ ತಡವಾಗಿ ಸಿಡಿಯುವಂತೆ ಇಟ್ಟರೆ ಬೀದಿ ಉಳಿಯಬಹುದು, ಆದರೆ ಕಟ್ಟಡ ಕುಸಿದು ಒಳಗಿದ್ದವರ ಮೇಲೆ ಬೀಳುತ್ತದೆ. 2017ರ ಮಾರ್ಚ್ 17ರಂದು ಇರಾಕಿನ ಮೊಸುಲ್‌ನಲ್ಲಿ ಒಂದು ಮನೆಯ ಮೇಲಿದ್ದ ಇಬ್ಬರು ಸ್ನೈಪರ್‌ಗಳಿಗೆ ಅಮೆರಿಕ ಹಾಕಿದ್ದು ಇಂಥದೇ ಒಂದು 500 ಪೌಂಡಿನ ಬಾಂಬು. ಆ ಮನೆಯಲ್ಲಿ ಅಕ್ಕಪಕ್ಕದ ಕುಟುಂಬಗಳು ಆಶ್ರಯ ಪಡೆದಿದ್ದವು. ಐಸಿಸ್ ಅಲ್ಲಿ ಸ್ಫೋಟಕ ಇಟ್ಟಿತ್ತು, ಮನೆ ಕುಸಿದದ್ದು ಅದರಿಂದ ಎಂದು ಅಮೆರಿಕದ ತನಿಖೆ ಹೇಳಿತು. ಆದರೂ ಸತ್ತ ನಾಗರಿಕರು ನೂರಕ್ಕಿಂತ ಹೆಚ್ಚು ಎಂದು ಅದೇ ತನಿಖೆ ಒಪ್ಪಿಕೊಂಡಿತು.

ತೂಕ, ಫ್ಯೂಸ್, ಹೊತ್ತು, ಯಾವ ದಿಕ್ಕಿನಿಂದ ದಾಳಿ: ಇವೆಲ್ಲ ಕೂತು ತೀರ್ಮಾನ ಮಾಡುವ ವಿಷಯಗಳು. ಪ್ರತಿ ತೀರ್ಮಾನಕ್ಕೂ ಒಬ್ಬರ ಒಪ್ಪಿಗೆ ಇರುತ್ತದೆ, ದಾಖಲೆ ಇರುತ್ತದೆ. ಅದಕ್ಕೇ 'ಯುದ್ಧ ಅಂದ ಮೇಲೆ ಇದೆಲ್ಲ ಇದ್ದದ್ದೇ' ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಾಗರಿಕರು ಸತ್ತ ಮಾತ್ರಕ್ಕೆ ಅದು ಯುದ್ಧಾಪರಾಧ ಆಗುವುದಿಲ್ಲ, ನಿಜ. ದಾಳಿಗೆ ಮುಂಚೆ ಏನು ಗೊತ್ತಿತ್ತು, ಗುರಿಯನ್ನು ಪರೀಕ್ಷಿಸಿದರೇ, ಸಿಗುವ ಲಾಭಕ್ಕೆ ಹೋಲಿಸಿದರೆ ಆಗುವ ಸಾವು ಮಿತಿಮೀರಿತ್ತೇ ಎಂದು ಕಾನೂನು ಕೇಳುತ್ತದೆ. ಆ ಪ್ರಶ್ನೆಗಳಿಗೆ ಉತ್ತರ ದಾಖಲೆಯಲ್ಲಿದೆ, ದಾಖಲೆ ಬಾಂಬು ಹಾಕಿದವರ ಕಪಾಟಿನಲ್ಲಿದೆ.

ಆ ಕಪಾಟು ಅರ್ಧ ತೆರೆದರೂ ಏನೇನು ಕಾಣುತ್ತದೆ ಎನ್ನುವುದಕ್ಕೆ ಅಫ್ಘಾನಿಸ್ತಾನದ ಕುಂದುಜ್ ಇದೆ. 2015ರ ಅಕ್ಟೋಬರ್ 3, ರಾತ್ರಿ ಎರಡರ ಹೊತ್ತು. 'ಗಡಿಗಳಿಲ್ಲದ ವೈದ್ಯರು' ಸಂಸ್ಥೆಯ ಆಸ್ಪತ್ರೆಯ ಮೇಲೆ ಅಮೆರಿಕದ ಗನ್‌ಶಿಪ್ ವಿಮಾನ ಗುಂಡು ಸುರಿಸಿತು. ಆಸ್ಪತ್ರೆ ಎಲ್ಲಿದೆ ಎಂಬ ಜಿಪಿಎಸ್ ವಿವರವನ್ನು ಸಂಸ್ಥೆ ನಾಲ್ಕೇ ದಿನ ಮೊದಲು ಮತ್ತೊಮ್ಮೆ ಕಳಿಸಿತ್ತು. ದಾಳಿ ಮಾಡಬಾರದ ಜಾಗಗಳ ಪಟ್ಟಿಯಲ್ಲೂ ಅದರ ಹೆಸರಿತ್ತು. ಏನಾಯಿತು? ವಿಮಾನದ ಸಿಬ್ಬಂದಿ ಪೂರ್ತಿ ಮಾಹಿತಿ ಪಡೆಯದೆ ತುರ್ತಾಗಿ ಹಾರಿದ್ದರು. ವಿಮಾನದ ಮಾಹಿತಿ ಸಂಪರ್ಕ ಕೆಟ್ಟಿತ್ತು. ನಿಜವಾದ ಗುರಿ ಬೇರೊಂದು ಕಟ್ಟಡ, ಅದರ ಜಾಗದ್ದೆಂದು ಕೊಟ್ಟ ಜಿಪಿಎಸ್ ಅಂಕಿಯನ್ನು ಹಾಕಿದರೆ ಯಂತ್ರ ಬಯಲು ತೋರಿಸಿತು. ಆಗ 'ದೊಡ್ಡ ಕಟ್ಟಡ' ಎಂಬ ಬಾಯಿಮಾತಿನ ವರ್ಣನೆಗೆ ಹೊಂದುವ ಕಟ್ಟಡ ಹುಡುಕಿದರು, ಸಿಕ್ಕಿದ್ದು ಆಸ್ಪತ್ರೆ. ಹತ್ತು-ಹನ್ನೆರಡು ನಿಮಿಷದೊಳಗೆ ವೈದ್ಯರು ಸೇನೆಗೆ ಫೋನ್ ಮಾಡಿ ಅಂಗಲಾಚಿದರು. ಸೇನೆಯ ಲೆಕ್ಕದಲ್ಲೇ ದಾಳಿ ನಡೆದದ್ದು ಅರ್ಧ ಗಂಟೆ, ವೈದ್ಯರ ಲೆಕ್ಕದಲ್ಲಿ ಒಂದು ಗಂಟೆ. ಸತ್ತವರು 42 ಜನ. 16 ಮಂದಿಯ ಮೇಲೆ ಇಲಾಖಾ ಕ್ರಮ ಆಯಿತು, ಒಬ್ಬರ ಮೇಲೂ ಕ್ರಿಮಿನಲ್ ಕೇಸಿಲ್ಲ. ಸತ್ತವರ ಮನೆಗೆ ತಲಾ 6,000 ಡಾಲರ್.

ಇಷ್ಟಾದರೂ ಹೊರಗೆ ಬಂದದ್ದು ಸತ್ತವರಲ್ಲಿ ವೈದ್ಯರಿದ್ದರು, ಹಿಂದೆ ಅಂತರರಾಷ್ಟ್ರೀಯ ಸಂಸ್ಥೆಯಿತ್ತು ಎನ್ನುವುದಕ್ಕೆ. ಹೆಸರಿಲ್ಲದ ಹಳ್ಳಿಯಲ್ಲಿ ಲೆಕ್ಕ ಇಡುವವರು ಯಾರು? ಮೊದಲ ದಿನದ ಸಂಖ್ಯೆ ಯಾವ ಕಡೆಯವರದಾದರೂ ನಂಬಬೇಡಿ. ಸರಿಯಾದ ಎಣಿಕೆ ಅಂದರೆ ಹೆಸರು, ತಂದೆಯ ಹೆಸರು, ವಯಸ್ಸು, ಜಾಗ, ದಿನಾಂಕ, ಆಸ್ಪತ್ರೆಯ ರಿಜಿಸ್ಟರ್, ಹೂತ ಜಾಗ, ಕನಿಷ್ಠ ಎರಡು ಬೇರೆಬೇರೆ ಮೂಲ. ನಮ್ಮ ಪಹಣಿಯಲ್ಲಿ ಬಿನ್, ಕೋಂ ಅಂತ ಬರೆಯುವುದು ಯಾಕೆ? ಒಂದೇ ಊರಿನಲ್ಲಿ ನಾಲ್ಕು ಜನ ಮುನಿಯಪ್ಪ ಇರುತ್ತಾರೆ. ಯುದ್ಧದಲ್ಲೂ ಅದೇ ತೊಂದರೆ. ಒಬ್ಬನೇ ಎರಡು ಆಸ್ಪತ್ರೆಯ ಪಟ್ಟಿಯಲ್ಲಿ ಬರುತ್ತಾನೆ, ಒಂದೇ ಹೆಸರಿನ ಇಬ್ಬರು ಒಬ್ಬನಾಗಿಬಿಡುತ್ತಾರೆ, ಅವಶೇಷದಡಿ ಇರುವವರು ಯಾವ ಪಟ್ಟಿಗೂ ಬರುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಸರ್ಕಾರಗಳೇ ಮಾಡುವ ಕೈಚಳಕ. ಡ್ರೋನ್ ದಾಳಿಯ ಜಾಗದಲ್ಲಿ ಸತ್ತ ಪ್ರಾಯದ ಗಂಡಸರನ್ನೆಲ್ಲ, ಬೇರೆ ಪುರಾವೆ ಸಿಗದ ಹೊರತು, ಹೋರಾಟಗಾರರೆಂದೇ ಅಮೆರಿಕ ಎಣಿಸುತ್ತಿತ್ತು ಎಂದು 2012ರಲ್ಲಿ ವರದಿಯಾಯಿತು. ಹಾಗೆ ಎಣಿಸಿದರೆ ಸತ್ತ ನಾಗರಿಕರ ಸಂಖ್ಯೆ ಕಡಿಮೆಯೇ ಬರುತ್ತದೆ!

ದೂರದ ಅಮೆರಿಕವನ್ನು ಬೈಯುವುದು ಸುಲಭ. ನಮ್ಮ ಓಟಿಂಗ್ ಹಳ್ಳಿಯನ್ನು ಮರೆಯಬಾರದು. 2021ರ ಡಿಸೆಂಬರ್ 4ರಂದು ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ಈ ಹಳ್ಳಿಯ ಹತ್ತಿರ ಗಣಿಯಿಂದ ಪಿಕಪ್ ಗಾಡಿಯಲ್ಲಿ ಮನೆಗೆ ಹೊರಟಿದ್ದ 6 ಕಾರ್ಮಿಕರನ್ನು ಸೇನೆಯ ವಿಶೇಷ ಪಡೆ ಉಗ್ರರೆಂದು ತಿಳಿದು ಕೊಂದಿತು. ಹೆಣ ನೋಡಿ ಕೆರಳಿದ ಊರಿನವರ ಮೇಲೂ ಗುಂಡು ಹಾರಿ ಮತ್ತೆ 7 ಜನ ಸತ್ತರು, ಒಬ್ಬ ಯೋಧನೂ ಸತ್ತ. ಗಾಡಿ ನಿಲ್ಲಿಸದೆ ಓಡಿತು ಎಂದು ಎರಡೇ ದಿನದಲ್ಲಿ ಸಂಸತ್ತಿನಲ್ಲಿ ಹೇಳಿಕೆ ಬಂತು. ಬದುಕುಳಿದವನು ಹಾಗಲ್ಲ ಎಂದ. ರಾಜ್ಯದ ಎಸ್‌ಐಟಿ 30 ಮಂದಿಯ ಮೇಲೆ ಚಾರ್ಜ್‌ಶೀಟ್ ಹಾಕಿತು. 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಮೊಕದ್ದಮೆಗೆ ಕೇಂದ್ರದ ಅನುಮತಿ ಬೇಕು. ಕೇಂದ್ರ ಕೊಡಲಿಲ್ಲ. 2024ರ ಸೆಪ್ಟೆಂಬರ್ 17ರಂದು ಸುಪ್ರೀಂ ಕೋರ್ಟ್ ಪ್ರಕರಣವನ್ನು ಮುಕ್ತಾಯ ಮಾಡಿತು. ಮುಂದೆ ಅನುಮತಿ ಸಿಕ್ಕರೆ ಮತ್ತೆ ಮುಂದುವರಿಸಬಹುದು ಎಂದಿತು.

ಮಾನವ ಹಕ್ಕುಗಳ ಆಯೋಗಕ್ಕೆ ಹೋಗಬಹುದಲ್ಲ ಎನ್ನುವವರಿಗೆ: 1993ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಸಶಸ್ತ್ರ ಪಡೆಗಳ ವಿಷಯದಲ್ಲಿ ಆಯೋಗ ಕೇಂದ್ರದಿಂದ ವರದಿ ತರಿಸಿಕೊಂಡು ಶಿಫಾರಸು ಮಾಡಬಹುದು, ಅಷ್ಟೇ. ಆರ್‌ಟಿಐ ದಾರಿ ಇನ್ನೂ ಸ್ವಲ್ಪ ತೆರೆದಿದೆ. 24ನೇ ಸೆಕ್ಷನ್ನಿನ ವಿನಾಯಿತಿ ಪಟ್ಟಿಯಲ್ಲಿ ಅಸ್ಸಾಂ ರೈಫಲ್ಸ್, ಸಿಆರ್‌ಪಿಎಫ್, ಡಿಆರ್‌ಡಿಒ ಇವೆ, ಭೂಸೇನೆ ಇಲ್ಲ. ಪಟ್ಟಿಯಲ್ಲಿರುವ ಸಂಸ್ಥೆಗಳೂ ಮಾನವ ಹಕ್ಕು ಉಲ್ಲಂಘನೆಯ ಆರೋಪದ ಮಾಹಿತಿಯನ್ನು, ಕೇಂದ್ರ ಮಾಹಿತಿ ಆಯೋಗ ಒಪ್ಪಿದರೆ, 45 ದಿನದಲ್ಲಿ ಕೊಡಬೇಕು. 'ಎಲ್ಲ ಮಾಹಿತಿ ಕೊಡಿ' ಎಂದು ಬರೆದರೆ ದೇಶದ ಭದ್ರತೆ ಎಂದು 8ನೇ ಸೆಕ್ಷನ್ ತೋರಿಸಿ ಅರ್ಜಿ ವಾಪಸ್ ಕಳಿಸುತ್ತಾರೆ. ಕಾರ್ಯಾಚರಣೆಯ ವಿವರ ಬಿಟ್ಟು, ಮೊಕದ್ದಮೆಗೆ ಅನುಮತಿ ಕೋರಿದ ಅರ್ಜಿಗಳೆಷ್ಟು, ಕೊಟ್ಟದ್ದೆಷ್ಟು, ನಿರಾಕರಿಸಿದ್ದೆಷ್ಟು, ಪ್ರತಿಯೊಂದಕ್ಕೂ ಹಿಡಿದ ದಿನಗಳೆಷ್ಟು ಎಂದು ವರ್ಷ ಹಾಕಿ ಕೇಳಿ.

ಎಚ್‌ಎಎಲ್, ಬಿಇಎಲ್, ಡಿಆರ್‌ಡಿಒ ಇರುವ ಊರು ನಮ್ಮದು. ಯಲಹಂಕದ ಏರೋ ಇಂಡಿಯಾಗೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತೇವೆ, ಹೋಗಲಿ, ತಪ್ಪೇನಿಲ್ಲ. ಆದರೆ ಇಲ್ಲಿ ತಯಾರಾದದ್ದು ಎಲ್ಲೋ ಒಂದು ಮನೆಯ ಮೇಲೆ ಬಿದ್ದಾಗ ಆ ಮನೆಯಲ್ಲಿ ಯಾರಿದ್ದರು ಎಂದು ಕೇಳುವ ಮೊದಲ ಅರ್ಜಿ ಈ ಊರಿನ ಅಂಚೆ ಕಚೇರಿಯಿಂದಲೇ ಹೋಗಬೇಕು. ಅದಕ್ಕೆ ಶುಲ್ಕ 10 ರೂಪಾಯಿ.