ಅಂಕ ಕೊಡುವವರನ್ನೂ ಅಳೆಯಬೇಕು

‘ಎಲ್ಲ ದೇಶದ ನೌಕರರಿಗೂ ಒಂದೇ ಫಾರ್ಮ್, ಒಂದೇ ಐದು ಅಂಕಗಳ ರೇಟಿಂಗ್. ಇದರಲ್ಲಿ ಪಕ್ಷಪಾತ ಎಲ್ಲಿಂದ ಬಂತು?’ ಹಲವು ದೇಶಗಳಲ್ಲಿ ಕಚೇರಿಗಳಿರುವ ಕಂಪನಿಗಳ ಮೇಲಧಿಕಾರಿಗಳು ನೌಕರರ ವರ್ಷದ ಕೆಲಸಕ್ಕೆ ಅಂಕ ಕೊಡುವ ಅಪ್ರೈಸಲ್ ಸಮಯದಲ್ಲಿ ಹೀಗೆ ಕೇಳುವುದನ್ನು ಬಹಳ ಸಲ ಕಂಡಿದ್ದೇನೆ. ಫಾರ್ಮಿನಲ್ಲಿ ಪಕ್ಷಪಾತ ಇಲ್ಲದಿರಬಹುದು. ಅದನ್ನು ತುಂಬುವವರ ಅಭ್ಯಾಸದಲ್ಲಿ, ಆಮೇಲೆ ನಡೆಯುವ ಸಭೆಯಲ್ಲಿ ಧಾರಾಳವಾಗಿದೆ. ಅದರ ನಷ್ಟ ಅನುಭವಿಸುವವರು ಮಾತ್ರ ಪ್ರಧಾನ ಕಚೇರಿಯಿಂದ ದೂರ ಕುಳಿತವರು.

ಅಂಕದ ಲೆಕ್ಕವನ್ನು ನಾವೆಲ್ಲ ಮೊದಲು ಕಲಿತದ್ದು ಶಾಲೆಯಲ್ಲಿ. ಜರ್ಮನಿಯ ಶಾಲೆಗಳಲ್ಲಿ 1 ಅತ್ಯುತ್ತಮ, 6 ಅತಿ ಕಳಪೆ. ಫ್ರಾನ್ಸಿನಲ್ಲಿ 20ಕ್ಕೆ 16 ಬಂದರೆ ಬಹಳ ಒಳ್ಳೆಯ ದರ್ಜೆ. 20ಕ್ಕೆ 20 ಬರುವುದು ತೀರಾ ಅಪರೂಪ. ಅಲ್ಲಿ ಓದಿ ಬೆಳೆದ ಮ್ಯಾನೇಜರ್ ಐದಕ್ಕೆ ನಾಲ್ಕು ಕೊಟ್ಟರೆ ಅದು ಮನಸಾರೆ ಮೆಚ್ಚಿ ಕೊಟ್ಟ ಅಂಕವಾಗಿರಬಹುದು. ಇನ್ನೊಂದು ಕಚೇರಿಯಲ್ಲಿ ಅದೇ ನಾಲ್ಕನ್ನು ‘ಪರವಾಗಿಲ್ಲ’ ಎನ್ನಿಸುವವರಿಗೆಲ್ಲ ಹಂಚುತ್ತಾರೆ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜಪಾನ್ ಮತ್ತು ತೈವಾನಿನ ವಿದ್ಯಾರ್ಥಿಗಳು ಪ್ರಶ್ನಾವಳಿಯ ನಡುವಿನ ಅಂಕಗಳನ್ನೂ ಅಮೆರಿಕದ ವಿದ್ಯಾರ್ಥಿಗಳು ಎರಡು ತುದಿಯ ಅಂಕಗಳನ್ನೂ ಹೆಚ್ಚಾಗಿ ಆರಿಸಿಕೊಂಡಿದ್ದರು. ವ್ಯತ್ಯಾಸ ಸಣ್ಣದೇ. ಆದರೆ ಬೋನಸ್ ಮತ್ತು ಬಡ್ತಿಯ ಗೆರೆ ಎಳೆಯುವುದು ಇಂಥ ಸಣ್ಣ ವ್ಯತ್ಯಾಸಗಳ ಮೇಲೆಯೇ ಅಲ್ಲವೇ?

ಹಾಗಾದರೆ ದೇಶವಾರು ಅರ್ಧ ಅಂಕ ಕೂಡಿಸಿಯೋ ಕಳೆದೋ ಸರಿಪಡಿಸೋಣ ಎನ್ನುವವರಿದ್ದಾರೆ. ಇದು ಇನ್ನೂ ಅಪಾಯಕಾರಿ. 1991ರಲ್ಲಿ ಪ್ರಕಟವಾದ ತೈವಾನಿನ ಅಧ್ಯಯನವೊಂದರಲ್ಲಿ, ನೌಕರರು ತಮಗೆ ತಾವೇ ಕೊಟ್ಟುಕೊಂಡ ಅಂಕ ಮೇಲಧಿಕಾರಿ ಕೊಟ್ಟದ್ದಕ್ಕಿಂತ ಕಡಿಮೆಯಿತ್ತು. ಅದನ್ನು ಸಂಸ್ಕೃತಿ ಕಲಿಸಿದ ವಿನಯವೆಂದು ವಿವರಿಸಲಾಯಿತು. ಎರಡೇ ವರ್ಷಗಳಲ್ಲಿ, ಚೀನಾದ ಮುಖ್ಯ ಭೂಭಾಗದ ನೌಕರರನ್ನು ಕುರಿತ ಇನ್ನೊಂದು ಅಧ್ಯಯನದಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶ ಬಂತು. ಡಚ್ ಸಂಶೋಧಕ ಗೀರ್ಟ್ ಹಾಫ್‌ಸ್ಟೆಡ್ ಐಬಿಎಂ ನೌಕರರ ಸಮೀಕ್ಷೆಗಳಿಂದ ರೂಪಿಸಿದ, ಸಂಸ್ಕೃತಿಗಳನ್ನು ಹೋಲಿಸುವ ಪ್ರಸಿದ್ಧ ಸೂಚ್ಯಂಕಗಳು ಕೂಡ ದೇಶಗಳ ಸರಾಸರಿಗಳೇ. ಆ ಸರಾಸರಿಯನ್ನು ತಂದು ಎದುರಿಗೆ ಕುಳಿತ ಒಬ್ಬ ವ್ಯಕ್ತಿಯ ಮೇಲೆ ಹೇರಬಾರದು. ‘ಆ ದೇಶದವರೇ ಹಾಗೆ’ ಎಂಬ ಮಾತು ಅನುಕಂಪದಿಂದ ಬಂದರೂ ಅವಮಾನವೇ.

ನಾಲ್ಕು ಸಾವಿರಕ್ಕೂ ಹೆಚ್ಚು ಮ್ಯಾನೇಜರ್‌ಗಳಿಗೆ ಬಂದ ಅಂಕಗಳನ್ನು ವಿಶ್ಲೇಷಿಸಿ 2000ದಲ್ಲಿ ಪ್ರಕಟಿಸಿದ ಸಂಶೋಧನೆಯೊಂದು, ಅಂಕಗಳ ಏರುಪೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಂಕ ಕೊಟ್ಟವರ ವೈಯಕ್ತಿಕ ಒಲವುಗಳಿಂದ ಬಂದದ್ದು ಎಂದು ತೋರಿಸಿತು. ಹಾಗಿರುವಾಗ ನಾವು ಮೊದಲು ಪರೀಕ್ಷಿಸಬೇಕಾದದ್ದು ಯಾರನ್ನು?

ನನ್ನ ದೊಡ್ಡ ತಕರಾರು ಕ್ಯಾಲಿಬ್ರೇಷನ್ ಸಭೆಯ ಬಗ್ಗೆ. ಈ ಏರುಪೇರನ್ನು ಸರಿದೂಗಿಸಲೆಂದೇ ಹುಟ್ಟಿದ ಸಭೆ ಇದು. ಎಲ್ಲ ದೇಶಗಳ ಮ್ಯಾನೇಜರ್‌ಗಳೂ ಒಟ್ಟಿಗೆ ಕುಳಿತು, ಒಂದೊಂದೇ ಹೆಸರನ್ನು ಚರ್ಚಿಸಿ ಅಂತಿಮ ರೇಟಿಂಗ್ ನಿರ್ಧರಿಸುತ್ತಾರೆ. ಉದ್ದೇಶ ಒಳ್ಳೆಯದು. ಆದರೆ ಸಭೆ ನಡೆಯುವುದು ಬಹುಪಾಲು ಪ್ರಧಾನ ಕಚೇರಿಯ ಗಡಿಯಾರಕ್ಕೆ ಅನುಸಾರವಾಗಿ, ಪ್ರಧಾನ ಕಚೇರಿಯ ಭಾಷೆಯಲ್ಲಿ. ಅಲ್ಲಿನವರಿಗೆ ಬೆಳಗಿನ ಹತ್ತು ಗಂಟೆ, ಇನ್ನೊಬ್ಬ ಮ್ಯಾನೇಜರ್‌ಗೆ ರಾತ್ರಿ ಹನ್ನೊಂದು. ನಿರರ್ಗಳವಾಗಿ ಇಂಗ್ಲಿಷ್ ಮಾತನಾಡುವವರು ತಮ್ಮ ತಂಡದವರನ್ನು ಬಾಯ್ತುಂಬ ಹೊಗಳುತ್ತಾರೆ. ಇನ್ನೊಬ್ಬರು ‘ಕೊಟ್ಟ ಕೆಲಸವನ್ನು ಸರಿಯಾಗಿ ಮುಗಿಸಿದ್ದಾರೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಅವರ ಪಾಲಿಗೆ ಅದು ದೊಡ್ಡ ಪ್ರಶಂಸೆ. ಅಷ್ಟರಲ್ಲಿ ಯಾರೋ ‘ಈ ಹೆಸರನ್ನು ನಾವು ಕೇಳಿಯೇ ಇಲ್ಲವಲ್ಲ’ ಎನ್ನುತ್ತಾರೆ. ಅಷ್ಟು ಸಾಕು, ಐದು ನಾಲ್ಕಾಗುತ್ತದೆ, ನಾಲ್ಕು ಮೂರಾಗುತ್ತದೆ. ಮೇಲಿನವರು ಹೆಸರು ಕೇಳಿಲ್ಲದಿರುವುದು ನೌಕರರ ತಪ್ಪು ಹೇಗಾಗುತ್ತದೆ? ಸರ್ವರ್ ಕೆಡದಂತೆ ವರ್ಷವಿಡೀ ನೋಡಿಕೊಂಡವರ ಹೆಸರು ಯಾರ ಕಿವಿಗೂ ಬೀಳುವುದಿಲ್ಲ. ಕೆಟ್ಟಾಗ ಓಡಿಬಂದು ಸರಿಪಡಿಸಿದವರ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಇಂಥ ಸಭೆಗಳಿಂದ ನಾನು ಸಿಟ್ಟಿನಿಂದ ಎದ್ದು ಬಂದದ್ದಿದೆ.

ಇದರ ಮೇಲೆ ಬೆಲ್ ಕರ್ವ್ ಬೇರೆ: ಎಷ್ಟು ಪಾಲು ಜನರಿಗೆ ಮೇಲಿನ ಅಂಕ, ಎಷ್ಟು ಪಾಲಿಗೆ ಕೆಳಗಿನ ಅಂಕ ಎಂದು ಮೊದಲೇ ಗೊತ್ತುಪಡಿಸುವ ಪದ್ಧತಿ. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಅದರ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ ಪ್ರಸಿದ್ಧಗೊಳಿಸಿದ 20-70-10ರ ಪಾಲನ್ನು (ಶೇ 20 ಮಂದಿ ಮೇಲಿನವರು, ಶೇ 70 ನಡುವಿನವರು, ಶೇ 10 ಕೆಳಗಿನವರು) ಆರು ಜನರ ಪುಟ್ಟ ಕಚೇರಿಗೆ ಅನ್ವಯಿಸುವುದು ಹೇಗೆ? ಮೈಕ್ರೋಸಾಫ್ಟ್ ಇಂಥ ಬಲವಂತದ ಶ್ರೇಣೀಕರಣವನ್ನು 2013ರಲ್ಲೇ ಕೈಬಿಟ್ಟಿತು.

ಕಾನೂನುಗಳೂ ಎಲ್ಲೆಡೆ ಒಂದೇ ಅಲ್ಲ. ಸ್ವೀಡನ್ನಿನಲ್ಲಿ ಒಂದು ಮಗುವಿಗೆ ತಂದೆ ತಾಯಿ ಇಬ್ಬರಿಗೂ ಸೇರಿ 480 ದಿನಗಳ ಭತ್ಯೆಸಹಿತ ರಜೆಯಿದೆ. ಅಮೆರಿಕದ ಫೆಡರಲ್ ಕಾನೂನು ಕೊಡುವುದು 12 ವಾರಗಳ ವೇತನರಹಿತ ರಜೆ, ಅದೂ ಎಲ್ಲರಿಗಲ್ಲ. ರಜೆಯಲ್ಲಿದ್ದ ತಿಂಗಳುಗಳನ್ನು ವರ್ಷದ ಗುರಿಯಿಂದ ಕಳೆಯದೆ ಎರಡೂ ದೇಶಗಳ ನೌಕರರನ್ನು ಹೋಲಿಸಿದರೆ, ಮಗುವನ್ನು ಸಾಕಿದ್ದಕ್ಕೆ ದಂಡ ಹಾಕಿದಂತೆ. ಫ್ರಾನ್ಸಿನಲ್ಲಿ ಕೆಲಸದ ವೇಳೆಯ ನಂತರ ಕಚೇರಿಯ ಸಂಪರ್ಕದಿಂದ ದೂರವಿರುವ ಹಕ್ಕು 2017ರಿಂದ ಜಾರಿಯಲ್ಲಿದೆ. ರಾತ್ರಿಯ ಇಮೇಲ್‌ಗೆ ಬೆಳಗ್ಗೆ ಉತ್ತರಿಸಿದ ಅಲ್ಲಿನ ನೌಕರರ ಫಾರ್ಮಿನಲ್ಲಿ ‘ಬದ್ಧತೆ ಸಾಲದು’ ಎಂದು ಬರೆಯುವುದು ಯಾವ ನ್ಯಾಯ?

‘ನಾಯಕತ್ವ’ದಂಥ ದೊಡ್ಡ ಪದಗಳಿಗೆ ಅಂಕ ಕೇಳುವ ಬದಲು, ಪ್ರತಿ ಅಂಕದ ಪಕ್ಕದಲ್ಲೂ ಕಣ್ಣಿಗೆ ಕಾಣುವ ನಡವಳಿಕೆಯ ಉದಾಹರಣೆ ಬರೆದಿಡುವ ಪದ್ಧತಿಯನ್ನು ಸ್ಮಿತ್ ಮತ್ತು ಕೆಂಡಾಲ್ ಎಂಬ ಸಂಶೋಧಕರು 1963ರಲ್ಲೇ ಮುಂದಿಟ್ಟಿದ್ದರು. ಆ ಉದಾಹರಣೆಗಳನ್ನು ಪ್ರತಿ ದೇಶದ ನೌಕರರೂ ಸೇರಿ ಬರೆಯಲಿ. ಜರ್ಮನಿಯಲ್ಲಿ ನೌಕರರ ಮಂಡಳಿ ಇರುವ ಕಡೆ, ಮೌಲ್ಯಮಾಪನದ ಸಾಮಾನ್ಯ ನಿಯಮಗಳಿಗೆ ಅದರ ಒಪ್ಪಿಗೆ ಬೇಕೆಂದು 1972ರ ಕಾನೂನೇ ಹೇಳುತ್ತದೆ. ಸಭೆಗೆ ಮುಂಚೆ ಪ್ರತಿಯೊಬ್ಬ ಮ್ಯಾನೇಜರ್ ಲಿಖಿತ ಆಧಾರ ಕೊಡಲಿ; ಆಧಾರವಿಲ್ಲದೆ ಯಾರ ಅಂಕವನ್ನೂ ಏರಿಸುವುದಾಗಲಿ ಇಳಿಸುವುದಾಗಲಿ ಬೇಡ. ಮ್ಯಾನೇಜರ್ ಒಬ್ಬರು ಹಲವು ವರ್ಷಗಳಲ್ಲಿ ಕೊಟ್ಟ ಅಂಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವರ ಕೈ ಬಿಗಿಯೋ ಸಡಿಲವೋ ತಿಳಿಯುತ್ತದೆ.

ಅಂಕ ಬದಲಾದ ಕಾರಣವೂ ನೌಕರರಿಗೆ ತಿಳಿಯಬೇಕು. ಐರೋಪ್ಯ ಒಕ್ಕೂಟದಲ್ಲಿ 2018ರಲ್ಲಿ ಜಾರಿಗೆ ಬಂದ ದತ್ತಾಂಶ ರಕ್ಷಣಾ ನಿಯಮದಡಿ ನೌಕರರು ತಮ್ಮ ಬಗ್ಗೆ ಕಂಪನಿ ಇಟ್ಟುಕೊಂಡಿರುವ ಮಾಹಿತಿಯನ್ನು ಕೇಳಿ ಪಡೆಯಬಹುದು. ಅದೇ ಕಂಪನಿಯಲ್ಲಿ ಅದೇ ಕೆಲಸ ಮಾಡುವ ಒಕ್ಕೂಟದ ಹೊರಗಿನ ನೌಕರರಿಗೂ, ತಮ್ಮ ರೇಟಿಂಗ್ ಸಭೆಯಲ್ಲಿ ಏಕೆ ಇಳಿಯಿತು ಎಂಬುದನ್ನು ಬರಹದಲ್ಲಿ ಕೊಡಲು ಯಾವ ಕಾನೂನಿಗೂ ಕಾಯಬೇಕಾಗಿಲ್ಲ. ಮುಂದಿನ ಅಪ್ರೈಸಲ್‌ನಿಂದಲೇ ಕೊಡಬಹುದು.