ನಾಳೆ ಬೆಳಿಗ್ಗೆ ಕೊಲೆಗಾರ ಬರುತ್ತಾನೆ

ಹೋದ ಕಾರ್ತೀಕದಲ್ಲಿ ಒಂದು ಮಧ್ಯಾಹ್ನ. ಆಫೀಸಿನಲ್ಲಿ ಕರಡು ತಿದ್ದುತ್ತಾ ಕೂತಿದ್ದೆ. ಮೇಜಿನ ಮೇಲಿದ್ದ ಫೋನಿಗೆ ಅಮ್ಮನ ಮೆಸೇಜು ಬಂತು. 'ನಾಳೆ ಬೆಳಿಗ್ಗೆ ಕೊಲೆಗಾರ ಬರುತ್ತಾನೆ ಅವನಿಗೆ ಕಾಫಿ ತಿಂಡಿ ಆಗಬೇಕು ಎಲ್ಲ ಮುಗಿದ ಮೇಲೆ ಮಾತಾಡುತ್ತೇನೆ.'

ಪಕ್ಕದ ಸೀಟಿನವರು ಇಣುಕಿ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮೇಡಂ, ಊರಲ್ಲಿ ಎಲ್ಲ ಸೌಖ್ಯ ತಾನೇ?' ಎಂದರು.

ಸೌಖ್ಯವೇ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವವನನ್ನು ನಾವು ಕೊನೆಗಾರ ಅನ್ನುತ್ತೇವೆ. ಈಗ ಕೊನೆಗಾರ ಸಿಗುವುದೇ ಕಷ್ಟ. ಸಿಕ್ಕರೆ ಅವನಿಗೆ ಅಳಿಯನಿಗಿಂತ ಜಾಸ್ತಿ ಉಪಚಾರ. (ನಮ್ಮ ಮನೆಯ ಅಳಿಯ ಇದನ್ನು ಒಪ್ಪುತ್ತಾರೆ.) ಅಮ್ಮ ಫೋನಿನ ಮೈಕ್ ಒತ್ತಿ ಬಾಯಲ್ಲಿ ಹೇಳಿದ್ದಾಳೆ, ಅದು ತನಗೆ ತಿಳಿದಂತೆ ಬರೆದಿದೆ. ಪಾಪ, ಅದು ಪೇಟೆಯಲ್ಲಿ ಕನ್ನಡ ಕಲಿತ ಯಂತ್ರ. ಕೊನೆಗಾರನನ್ನು ಅದು ಯಾವತ್ತೂ ಕಂಡಿರಲಿಲ್ಲ. ಕೊಲೆಗಾರನ ಸುದ್ದಿ ಮಾತ್ರ ದಿನಾ ಪೇಪರಿನಲ್ಲಿ ಓದಿರಬೇಕು.

ವಿಷಯ ತಿಳಿದ ಅಮ್ಮ ಬಾಯಿ ಟೈಪಿಂಗ್ ಅಂದೇ ಬಿಟ್ಟಳು. 'ನಾನು ಹೇಳಿದ್ದನ್ನ ಹೇಳಿದ ಹಾಗೇ ಕಳಿಸೋದು ಯಾವುದಿದೆ, ಅದನ್ನ ಹೇಳ್ಕೊಡೆ' ಎಂದಳು. ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜು 2013ರಿಂದಲೂ ಇದೆ. ನಾನು ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಹೇಳಿಕೊಟ್ಟದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ.

ಅಮ್ಮನ ವಾಯ್ಸ್ ಮೆಸೇಜು ಎಂದರೆ ಹಳೇ ಕಾಲದ ಇನ್‌ಲ್ಯಾಂಡ್ ಲೆಟರೇ. 'ಹಾಂ, ಆಶೀರ್ವಾದ' ಅಂತ ಶುರು. 'ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ತಿಳಿಸೋದು.' ಆಮೇಲೆ ಮಳೆ, ಕೊಳೆರೋಗ, ದನ, ಮಂಗ, ಪಕ್ಕದ ಮನೆಯವರ ಮೊಣಕಾಲು. ಇನ್‌ಲ್ಯಾಂಡಿನಲ್ಲಾದರೆ ಜಾಗ ಮುಗಿದ ಮೇಲೆ ಅಂಚಿನಲ್ಲಿ ಅಡ್ಡಡ್ಡ ಬರೆಯುತ್ತಿದ್ದಳು. ಇಲ್ಲಿ ಜಾಗ ಮುಗಿಯುವುದೇ ಇಲ್ಲ. ಮಧ್ಯೆ ಒಲೆಯ ಮೇಲೆ ಹಾಲು ಉಕ್ಕುತ್ತದೆ. 'ಅಯ್ಯೋ ತಡಿ' ಎಂದು ಫೋನನ್ನು ಮೆಟ್ಟುಗತ್ತಿಯ ಪಕ್ಕ ಇಟ್ಟು ಹೋಗುತ್ತಾಳೆ. ಎರಡು ನಿಮಿಷ ಬರೀ ಪಾತ್ರೆಯ ಸದ್ದು, ನಾಯಿಗೆ 'ಹಚಾ', ದೂರದಲ್ಲಿ ಕೂಗುವ ಹೇಂಟೆ. ವಾಪಸ್ ಬಂದು, 'ಹಾಂ, ಎಲ್ಲಿದ್ದೆ?' ಎಂದು ನನ್ನನ್ನೇ ಕೇಳುತ್ತಾಳೆ. ನಾನು ಬಸ್ಸಿನಲ್ಲಿ ಕೂತು ಉತ್ತರ ಹೇಳಿದ್ದೂ ಉಂಟು. ಕೊನೆಗೆ 'ಇಂತಿ, ಅಮ್ಮ.' ದನಿಯಲ್ಲಿ ಗೊತ್ತಾಗುವುದಿಲ್ಲ ಅಂತಲೋ ಏನೋ.

2021ರಲ್ಲಿ ಈ ವಾಯ್ಸ್ ಮೆಸೇಜನ್ನು ಒಂದೂವರೆ ಪಟ್ಟು, ಎರಡು ಪಟ್ಟು ಓಡಿಸುವ ಸೌಕರ್ಯ ಬಂದಿದೆ. ಯಾರು ಕಂಡುಹಿಡಿದರೋ, ಅವರ ಅಮ್ಮನೂ ನಮ್ಮಮ್ಮನ ಥರದವರೇ ಇರಬೇಕು. ಎರಡು ಪಟ್ಟಿನಲ್ಲಿ ಅಮ್ಮ, ಮತ್ತೊಂದು ಮನೆಯ ಸತ್ಯನಾರಾಯಣ ಪೂಜೆಗೆ ಹೊತ್ತಾದ ಪುರೋಹಿತರ ಹಾಗೆ ಕೇಳಿಸುತ್ತಾಳೆ. ಈ ಗುಟ್ಟನ್ನು ಮಗಳು ರಜೆಗೆ ಊರಿಗೆ ಹೋದಾಗ ಬಿಟ್ಟುಕೊಟ್ಟಳು. ಆ ದಿನ ಬಂದ ಮೆಸೇಜು ಹದಿನಾಲ್ಕೇ ಸೆಕೆಂಡು. 'ಏನೇ, ನನ್ನ ಮಾತನ್ನ ಓಡಿಸ್ತೀಯಂತೆ? ಓಡ್ಸು, ಓಡ್ಸು. ನಾನು ಇನ್ನು ನಿಧಾನ ಮಾತಾಡ್ತೀನಿ.' ಹೇಳಿದಂತೆಯೇ ಮಾಡಿದಳು.

ಅಪ್ಪಯ್ಯನದು ಪೂರ್ತಿ ಉಲ್ಟಾ. ಅವರಿಗೆ ಕಾಲ್ ಒಂದೇ ಗೊತ್ತು, ಅದೂ ಅರ್ಧ ನಿಮಿಷದ್ದು. 'ಹಲೋ. ನಾನು. ಅಡಿಕೆ ಕೊಟ್ಟಾಯ್ತು. ಇಡ್ತೀನಿ.' ಎಷ್ಟಕ್ಕೆ ಕೊಟ್ಟಿರಿ ಎಂದು ಕೇಳುವಷ್ಟರಲ್ಲಿ ಈಚೆ ಕಡೆ ಬರೀ ಕುಂಯ್ ಕುಂಯ್. ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಅವರ ತಲೆಯೊಳಗೆ ಒಂದು ಮೀಟರ್ ಇದೆ. ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಬೆಂಚಿನ ಮೇಲೆ ಗಂಟೆಗಟ್ಟಲೆ ಕಾದು, ಮೂರು ನಿಮಿಷಕ್ಕೆ ಇಷ್ಟು ಎಂದು ದುಡ್ಡು ಕೊಟ್ಟವರು ಅವರು. ಆಮೇಲೆ ಎಸ್‌ಟಿಡಿ ಬೂತು ಬಂತು. ಕೆಂಪು ಅಂಕಿ ಕಣ್ಣೆದುರೇ ಏರುತ್ತಿತ್ತು. ರಾತ್ರಿ ರೇಟು ಇಳಿಯಲಿ ಎಂದು ಊಟ ಮುಗಿಸಿ, ಟಾರ್ಚು ಹಿಡಿದು ಹೋಗುತ್ತಿದ್ದರು. ಅಷ್ಟರಲ್ಲಿ ಮೊಬೈಲ್ ಬಂತು, ಅದರಲ್ಲಿ ಬೇರೆಯವರು ಮಾಡಿದ ಕರೆ ಎತ್ತಿದರೂ ದುಡ್ಡು. 2003ರಲ್ಲಿ ಆ ಕಾಟ ತಪ್ಪಿತು. ಅಪ್ಪಯ್ಯನಿಗೆ ಮಾತ್ರ ಸುದ್ದಿ ತಲುಪಿಲ್ಲ. ಈಗ ತಿಂಗಳಿಗೆ ಇಷ್ಟು ಅಂತ ಕಟ್ಟಿದರೆ ಎಷ್ಟು ಬೇಕಾದರೂ ಮಾತಾಡಬಹುದು ಅಂದೆ. 'ಅದು ಹೇಳೋ ಮಾತು. ಆಮೇಲೆ ಬಿಲ್ಲು ಕಳಿಸ್ತಾರೆ' ಎಂದು ಇಟ್ಟರು.

ಇನ್ನು ಮಂಗಳೂರಿನಲ್ಲಿ ಓದುವ ಮಗಳು. ಅವಳಿಗೆ ಫೋನ್ ರಿಂಗಾದರೇ ಭಯ. ಅವಳ ಲೆಕ್ಕದಲ್ಲಿ, ಮೊದಲು 'ಕಾಲ್ ಮಾಡ್ಲಾ?' ಎಂದು ಕೇಳಬೇಕು. ಕೇಳದೆ ಮಾಡಿದರೆ ಯಾರಿಗೋ ಏನೋ ಆಗಿದೆ ಎಂದರ್ಥ. ಒಂದು ದಿನ ಸುಮ್ನೆ, ಮಾತಾಡಬೇಕು ಅನ್ನಿಸಿ ಮಾಡಿದೆ. ಎತ್ತಲಿಲ್ಲ. ಮರುಕ್ಷಣ ಸಾಲಾಗಿ ಮೆಸೇಜು. 'ಏನಾಯ್ತು', 'ಅಜ್ಜಂಗಾ', 'ಅಮ್ಮಾ ಹೇಳು', 'ಬಸ್ ಬುಕ್ ಮಾಡ್ಲಾ'. ಏನಿಲ್ಲ ಕಣೇ, ಊಟ ಆಯ್ತಾ ಅಂತ ಕೇಳೋಕೆ ಮಾಡಿದ್ದು ಅಂದರೆ ನನಗೇ ಬೈದಳು. ನನಗೆ ಅಜ್ಜಿ ನೆನಪಾದಳು. ಟೆಲಿಗ್ರಾಂ ಬಂತೆಂದರೆ ಒಡೆಯುವ ಮೊದಲೇ ಅಳುತ್ತಿದ್ದಳು. ನನ್ನ ಚಿಕ್ಕಪ್ಪ ಪಾಸಾದ ಟೆಲಿಗ್ರಾಮಿಗೂ ಅತ್ತಿದ್ದಳಂತೆ. ದೇಶದಲ್ಲಿ ಟೆಲಿಗ್ರಾಂ ನಿಂತದ್ದು 2013ರ ಜುಲೈಯಲ್ಲಿ. ಈ ಹುಡುಗಿ ಆ ಹೆದರಿಕೆಯನ್ನು ಎಲ್ಲಿಂದ ತಂದಳೋ!

ನಾನಾದರೂ ನೆಟ್ಟಗಿದ್ದೇನೆಯೇ ಅಂದರೆ, ಅದೂ ಇಲ್ಲ. ಕರಡು ತಿದ್ದುವವಳು ನಾನು. ವಾಕ್ಯ ಮುಗಿದ ಮೇಲೆ ಚುಕ್ಕೆ ಇಡದಿದ್ದರೆ ಕೈ ತುರಿಸುತ್ತದೆ. 'ಸರಿ.' ಎಂದು ಮಗಳಿಗೆ ಕಳಿಸಿದೆ. 'ಯಾಕೆ ಕೋಪ?' ಅಂತ ಬಂತು. ಕೋಪ ಇಲ್ಲ ಎಂದು ಬರೆದು ಮತ್ತೊಂದು ಚುಕ್ಕೆ ಇಟ್ಟೆ. 'ನೋಡು, ಮತ್ತೆ!' ಅಂದಳು. ಅವಳ ವಯಸ್ಸಿನವರಿಗೆ ಚುಕ್ಕೆಯೆಂದರೆ ಮುಖ ತಿರುಗಿಸಿ ಬಾಗಿಲು ಹಾಕಿದ ಹಾಗಂತೆ. ಇಪ್ಪತ್ತೆರಡು ವರ್ಷದಿಂದ ಎಷ್ಟು ಲೇಖಕರ ಮುಖಕ್ಕೆ ಬಾಗಿಲು ಹಾಕಿದ್ದೇನೋ.

ಗಂಡನ ವಿಷಯ ಬೇಗ ಮುಗಿಸುತ್ತೇನೆ. ಅವರು ಎಲ್ಲದಕ್ಕೂ ಹೆಬ್ಬೆಟ್ಟು ಒತ್ತುತ್ತಾರೆ.

ಹೀಗಾಗಿ ನಮ್ಮ ಮನೆಯಲ್ಲಿ ನಾನೇ ಟೆಲಿಫೋನ್ ಎಕ್ಸ್‌ಚೇಂಜು. ಅಮ್ಮ ಹೇಳಿದ್ದನ್ನು ಸೋಸಿ ಮಗಳಿಗೆ ಟೈಪ್ ಮಾಡಬೇಕು. ಮಗಳು ಬರೆದದ್ದನ್ನು ಅಮ್ಮನಿಗೆ ಓದಿ ಕಳಿಸಬೇಕು. ಅಪ್ಪಯ್ಯ ಇಟ್ಟುಬಿಟ್ಟ ಕರೆಯ ಉಳಿದರ್ಧವನ್ನು ಅಮ್ಮನ ಮೆಸೇಜಿನಲ್ಲಿ ಹುಡುಕಬೇಕು. ಎಡವಟ್ಟಾದದ್ದು ಅಲ್ಲೇ.

ಈ ವರ್ಷ ಮಳೆ ಹಿಡಿಯುವ ಮುಂಚೆ ಒಂದು ಸಂಜೆ ಅಪ್ಪಯ್ಯ ಕಾಲ್ ಮಾಡಿದರು. 'ಹಾಕಿದೀನಿ. ಅಮ್ಮ ಹೇಳ್ತಾಳೆ.' ಇಟ್ಟರು. ಹಿಂದೆಯೇ ಅಮ್ಮನ ಒಂಬತ್ತು ನಿಮಿಷದ ಮೆಸೇಜು. ಅಂದು ಒಂದು ಪುಸ್ತಕ ಮುದ್ರಣಕ್ಕೆ ಹೋಗಬೇಕಿತ್ತು. ಎರಡು ಪಟ್ಟು ಓಡಿಸಿದೆ. ಮಂಗಗಳು ಹಲಸಿನಕಾಯಿ ಕೆಡವಿದ್ದು, ದೇವಸ್ಥಾನದ ಮೀಟಿಂಗಿನಲ್ಲಿ ಜಗಳವಾದದ್ದು, ಇಷ್ಟಾಗುವಾಗ ಐದನೇ ನಿಮಿಷ. ಉಳಿದದ್ದು ರಾತ್ರಿ ಕೇಳೋಣ ಎಂದುಕೊಂಡೆ. ಕೇಳಲಿಲ್ಲ. ಆದರೂ ನೀಲಿ ಗುರುತು ಬಿತ್ತು. ಅಮ್ಮ ಅದನ್ನು ನೋಡಿ, ಕೇಳಿಸಿಕೊಂಡಳು ಎಂದು ನೆಮ್ಮದಿಯಾಗಿ ಮಲಗಿದಳು.

ಬೆಳಿಗ್ಗೆ ಐದೂವರೆಗೆ ಗೊತ್ತಿಲ್ಲದ ನಂಬರಿನಿಂದ ಎರಡು ಕಾಲ್ ಬಂದವು. ಗೊತ್ತಿಲ್ಲದ ನಂಬರನ್ನು ಯಾರು ಎತ್ತುತ್ತಾರೆ? ಮಗಳಿಂದ ನಾನೂ ಅಷ್ಟು ಕಲಿತಿದ್ದೇನೆ.

ಎಂಟು ಗಂಟೆಗೆ ಕಾಫಿ ಕುಡಿಯುತ್ತಾ ಉಳಿದ ನಾಲ್ಕು ನಿಮಿಷ ಕೇಳಿದೆ. ಎಂಟೂ ಚಿಲ್ಲರೆ ನಿಮಿಷದಲ್ಲಿ, 'ಇಂತಿ'ಗಿಂತ ಸ್ವಲ್ಪ ಮುಂಚೆ, ಅಮ್ಮ ಹೇಳಿದ್ದಳು. 'ಮರ್ತಿದ್ದೆ. ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಭರಣಿ ರಾತ್ರಿ ಬಸ್ಸಿಗೆ ಹಾಕಿಸಿದೀವಿ. ಡ್ರೈವರ್ ಕಾಲ್ ಮಾಡ್ತಾರೆ, ಮೆಜೆಸ್ಟಿಕ್ಕಿಗೆ ಹೋಗಿ ತಗೋ.'

ಡ್ರೈವರ್ ಪುಣ್ಯಾತ್ಮ. ಆ ನಂಬರಿಗೆ ಮಾಡಿದಾಗ, 'ಬಸ್ ತೊಳೆಯೋಕೆ ಹೋಗಿದೆ ಅಕ್ಕ, ನಿಮ್ಮ ಡಬ್ಬ ನನ್ನ ಸೀಟಿನ ಹಿಂದೇ ಇದೆ, ರಾತ್ರಿ ಹೊರಡೋ ಮುಂಚೆ ಬನ್ನಿ' ಎಂದರು. ರಾತ್ರಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆ. ಬಸ್ಸು ಬಿಟ್ಟಿತ್ತು. ಮಿಡಿ ತೀರ್ಥಹಳ್ಳಿಗೆ ವಾಪಸ್ ಹೋಯಿತು. ಅಪ್ಪಯ್ಯ ಮತ್ತೆ ಅದೇ ಬಸ್ಸಿಗೆ ಹಾಕಿದರು. ಈ ಸಲ ನಾನು ಐದಕ್ಕೇ ಹೋಗಿ ನಿಂತಿದ್ದೆ. ಎರಡು ಸಲ ಆಗುಂಬೆಯ ದಿಕ್ಕಿನಿಂದ ಬಂದ ಉಪ್ಪಿನಕಾಯಿ, ಕುಲುಕಿ ಕುಲುಕಿ ರಸ ಬಿಟ್ಟು ಇನ್ನೂ ಚೆನ್ನಾಗಿತ್ತು. ಹೇಳಲಿಲ್ಲ. ಹೇಳಿದರೆ ಪ್ರತಿ ವರ್ಷ ಎರಡು ಸಲ ಓಡಾಡಿಸುತ್ತಾಳೆ.

ಭರಣಿಯ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಗಂಡ ಊಟದ ಮೇಜಿನ ಆಚೆಯಿಂದಲೇ ಹೆಬ್ಬೆಟ್ಟು ಒತ್ತಿದರು. ಮಗಳು 'ನಂಗೂ' ಎಂದಳು, ಚುಕ್ಕೆ ಇಲ್ಲದೆ. ಅಪ್ಪಯ್ಯನ ಕಾಲ್ ಬಂತು. 'ಬಂತಾ?' 'ಬಂತು.' ಇಟ್ಟರು.

ಅಮ್ಮನದು ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು. ತಟ್ಟೆಗೆ ಮೊಸರನ್ನ ಬಡಿಸಿಕೊಂಡು, ಒಂದು ಮಿಡಿ ಹಾಕಿಕೊಂಡು, ಓಡಿಸದೆ ಕೇಳುತ್ತಾ ಕೂತೆ. ಮೂರು ನಿಮಿಷವಾಗಿತ್ತು. ಹಿಂದಿನಿಂದ ಅಪ್ಪಯ್ಯನ ದನಿ ಬಂತು. 'ಸಾಕು ಇಡೇ ಮಾರಾಯ್ತಿ, ದುಡ್ಡೇನು ಮರದಲ್ಲಿ ಬಿಡುತ್ತಾ?' ಅಮ್ಮ ಅಂದಳು, 'ನಮ್ಮದು ಮರದಲ್ಲೇ ಬಿಡೋದು. ಇಳ್ಸೋಕೆ ಕೊಲೆಗಾರ ಸಿಗಬೇಕು ಅಷ್ಟೆ.'