ಪ್ಲಾಸ್ಮಾ ಹೇಗೋ ನಿಂತೀತು, ಮಂತ್ರಿ ನಿಲ್ಲಬೇಕಲ್ಲ!

2022ರ ಅಕ್ಟೋಬರ್ 3ರಂದು ಬ್ರಿಟನ್ನಿನ ಉದ್ಯಮ ಮತ್ತು ಇಂಧನ ಸಚಿವ ಜೇಕಬ್ ರೀಸ್-ಮಾಗ್ ತಮ್ಮ ಪಕ್ಷದ ಸಮಾವೇಶದಲ್ಲಿ ಶುಭಸುದ್ದಿ ಕೊಟ್ಟರು. ನಾಟಿಂಗ್‌ಹ್ಯಾಮ್‌ಶೈರಿನ ವೆಸ್ಟ್ ಬರ್ಟನ್‌ನಲ್ಲಿ, ಕಲ್ಲಿದ್ದಲು ಸ್ಥಾವರದ ಜಾಗದಲ್ಲೇ ಸೂರ್ಯನ ಮಾದರಿಯಲ್ಲಿ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ತೆಗೆಯುವ ಫ್ಯೂಷನ್ ಸ್ಥಾವರ ಏಳಲಿದೆ. ಹೆಸರು 'ಸ್ಟೆಪ್', ಗಡುವು 2040. ಅದೇ ತಿಂಗಳ 25ಕ್ಕೆ ಈ ಮಂತ್ರಿಯ ರಾಜೀನಾಮೆ. ಪ್ರಧಾನಿ ಲಿಜ್ ಟ್ರಸ್ ಅಂತೂ 49 ದಿನಕ್ಕೇ ಗಂಟುಮೂಟೆ ಕಟ್ಟಿದ್ದರು. (ಅವತ್ತೇ ಸೂರ್ಯಗ್ರಹಣ ಬೇರೆ. ಜ್ಯೋತಿಷಿಗಳು ಗಮನಿಸಲಿ.)

ಫ್ಯೂಷನ್ ನಡೆಯಬೇಕಾದ ಕೋಟಿಗಟ್ಟಲೆ ಡಿಗ್ರಿಯ ವಿದ್ಯುದಾವೇಶದ ಅನಿಲ, ಅಂದರೆ ಪ್ಲಾಸ್ಮಾ, ಯಾಕೆ ಒಂದೆಡೆ ನಿಲ್ಲುವುದಿಲ್ಲ ಎಂದು ವಿಜ್ಞಾನಿಗಳು ಎಪ್ಪತ್ತು ವರ್ಷದಿಂದ ತಲೆ ಕೆಡಿಸಿಕೊಂಡಿದ್ದಾರೆ. ಅದಕ್ಕೆ ದಿನಾಂಕ ನಿಗದಿ ಮಾಡುವವರು ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ಮಾತ್ರ ಪ್ರಯೋಗಾಲಯ ಇಲ್ಲ.

ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಉಂಗುರದಂಥ ಯಂತ್ರಕ್ಕೆ ಟೋಕಮಾಕ್ ಎಂದು ಹೆಸರು. ಸ್ಟೆಪ್ ಗೋಳಾಕಾರದ ಟೋಕಮಾಕ್. ನಡುಗಂಬವನ್ನು ಸಣಕಲು ಮಾಡಿ, ಪ್ಲಾಸ್ಮಾ ಅದನ್ನು ಒತ್ತಿಕೊಂಡೇ ಸುತ್ತುವಂತೆ ಮಾಡುವ ಯಂತ್ರ. ಲಾಭ ಸುಳ್ಳಲ್ಲ. ಇಂಗ್ಲೆಂಡಿನ ಕಲಮ್‌ನಲ್ಲಿದ್ದ 'ಸ್ಟಾರ್ಟ್' ಯಂತ್ರ 1990ರ ದಶಕದಲ್ಲೇ ಪ್ಲಾಸ್ಮಾದ ಒತ್ತಡವನ್ನು ಕಾಂತಕ್ಷೇತ್ರದ ಒತ್ತಡದ ಶೇ 40ರ ಆಸುಪಾಸಿಗೆ ಏರಿಸಿತ್ತು. ಮಾಮೂಲಿ ಟೋಕಮಾಕ್‌ಗಳು ಬಹುಪಾಲು ಒಂದಂಕಿಯಲ್ಲೇ ಏದುಸಿರು ಬಿಡುತ್ತವೆ. ಆದರೆ ಜಾಗ ಕಿರಿದಾದಷ್ಟೂ ಜಗಳ ಜಾಸ್ತಿ. ಪ್ಲಾಸ್ಮಾದ ಅಂಚು ಆಗಾಗ ಸಿಡಿದು ಗೋಡೆಗೆ ಬಿಸಿ ಎರಚುತ್ತದೆ, ಹೊರಹೋಗುವ ಶಾಖವೆಲ್ಲ ಒಂದು ಕಿರುಪಟ್ಟಿಯ ಮೇಲೇ ಬಂದು ಬೀಳುತ್ತದೆ, ನಡುಗಂಬಕ್ಕೆ ನ್ಯೂಟ್ರಾನ್ ಏಟು ತಡೆಯುವ ಕವಚ ತೊಡಿಸೋಣವೆಂದರೆ ಜಾಗವೇ ಸಾಲದು.

ಅಮೆರಿಕದ ಪ್ರಿನ್ಸ್‌ಟನ್ನಿನವರು 9.4 ಕೋಟಿ ಡಾಲರ್ ಸುರಿದು ತಮ್ಮ ಗೋಳಾಕಾರದ ಟೋಕಮಾಕ್ 'ಎನ್‌ಎಸ್‌ಟಿಎಕ್ಸ್' ಯಂತ್ರಕ್ಕೆ ಬಲ ತುಂಬಿದರು. 2016ರಲ್ಲಿ ಅದು ಮಲಗಿತು. ನಕ್ಷತ್ರದ ಬೇಗೆಗಲ್ಲ, ತಾಮ್ರದ ಒಂದು ಸುರುಳಿ ಕೈಕೊಟ್ಟು! ನಮ್ಮ ಕಡೆ ಬೋರ್‌ವೆಲ್ ಮೋಟಾರ್ ಸುಟ್ಟರೆ ರಿವೈಂಡಿಂಗ್ ಅಂಗಡಿಯವನು "ನಾಳೆ ಬನ್ನಿ ಅಣ್ಣಾ" ಅನ್ನುತ್ತಾನೆ. ನಾಲ್ಕು ನಾಳೆ ಕಳೆದ ಮೇಲಾದರೂ ಕೊಡುತ್ತಾನೆ. ಅಲ್ಲಿ ನಿರ್ದೇಶಕರು ಹುದ್ದೆ ಬಿಟ್ಟರು, ಐದು ವರ್ಷ ದಾಟಿದರೂ ಯಂತ್ರ ಏಳಲಿಲ್ಲ.

ಪತ್ರಿಕಾ ಪ್ರಕಟಣೆಗೆ ಸುರುಳಿಯ ಗೋಳು ರುಚಿಸದು, ಅದಕ್ಕೆ ಬೇಕಾದ್ದು ಡಿಗ್ರಿ. 2022ರಲ್ಲಿ ಟೋಕಮಾಕ್ ಎನರ್ಜಿ ಎಂಬ ಕಂಪನಿಯ ಗೋಳಾಕಾರದ 'ಎಸ್‌ಟಿ40' ಯಂತ್ರ 10 ಕೋಟಿ ಡಿಗ್ರಿ ಮುಟ್ಟಿದ ಸುದ್ದಿ ಬಂತು. ಸೂರ್ಯನ ಗರ್ಭದಲ್ಲೇ ಇರುವುದು ಒಂದೂವರೆ ಕೋಟಿ. ಸಾಧನೆಯೇ, ಶಭಾಸ್ ಅನ್ನೋಣ. ಎಷ್ಟು ಹೊತ್ತು ಸ್ವಾಮಿ? ಸೆಕೆಂಡಿನ ಒಂದು ಚೂರು. ಡಿಗ್ರಿ ತಲೆಬರಹಕ್ಕೆ ಹೋಯಿತು, ಸೆಕೆಂಡು ಒಳಪುಟಕ್ಕೆ.

ಗಡುವಿನ ಚಟ ನಮ್ಮವರನ್ನೂ ಬಿಟ್ಟಿಲ್ಲ. 1955ರಲ್ಲಿ ಜಿನೀವಾದ ವಿಶ್ವಸಂಸ್ಥೆ ಸಮ್ಮೇಳನದ ಅಧ್ಯಕ್ಷ ಪೀಠದಿಂದ ಹೋಮಿ ಭಾಭಾ ಅವರು ಇನ್ನೆರಡು ದಶಕದಲ್ಲಿ ಫ್ಯೂಷನ್ ಶಕ್ತಿಯನ್ನು ಪಳಗಿಸುವ ದಾರಿ ಸಿಗುತ್ತದೆ ಎಂದಿದ್ದರು. ಪಾಪ, ಭಾಭಾ ಅವರಿಗೆ ಭೌತಶಾಸ್ತ್ರವಾದರೂ ಗೊತ್ತಿತ್ತು.

ದೊಡ್ಡ ಯಂತ್ರ ತಡ, ಸಣ್ಣದು ಬೇಗ ಎಂಬುದು ಗೋಳಾಕಾರದವರ ವಾದ. ಫ್ರಾನ್ಸಿನಲ್ಲಿ ಏಳುತ್ತಿರುವ ದೈತ್ಯ ಟೋಕಮಾಕ್ 'ಐಟರ್' 2024ರಲ್ಲಿ ತನ್ನ ವೇಳಾಪಟ್ಟಿ ತಿದ್ದಿ, ಟ್ರಿಟಿಯಂ (ಹೈಡ್ರೋಜನ್ನಿನ ಭಾರದ ರೂಪ) ಸೇರಿದ ಅಸಲಿ ಇಂಧನ ಉರಿಸುವುದು 2039ಕ್ಕೆ ಎಂದಿತು. ಬೇಗ ಮುಗಿಯಲೆಂದೇ ಹುಟ್ಟಿದ ಪುಟ್ಟ ಸ್ಟೆಪ್‌ನ ಗಡುವು 2040.

ಅಂದಹಾಗೆ, ವೆಸ್ಟ್ ಬರ್ಟನ್ನಿನ ಕಲ್ಲಿದ್ದಲು ಘಟಕ 2022ರ ಸೆಪ್ಟೆಂಬರ್‌ನಲ್ಲೇ ಮುಚ್ಚಬೇಕಿತ್ತು. ಚಳಿಗಾಲಕ್ಕೆ ಕರೆಂಟು ಸಾಲದಾದೀತೆಂದು ಅದನ್ನೂ 2023ರ ಮಾರ್ಚ್‌ವರೆಗೆ ಮುಂದೂಡಿದ್ದರು.